ಅತ್ತಿಬೆಲೆಯಲ್ಲಿ ದ್ವೀಪ ನಡೆಯುವ ಕೃಷ್ಣಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಹಿಂದಿನ ಕೆರೆ ಏರಿಯ ಮೇಲೆ ಕೃಷ್ಣಮ್ಮ ಬಿರುಸಾಗಿ ನಡೆಯುತ್ತಿದ್ದಾರೆ. ಬೆನ್ನ ಮೇಲೆ ಅವರ ತಲೆಗಿಂತ ಎತ್ತರಕ್ಕೆ ಹೋಗಿರುವ ನೀಲಿ ಬಣ್ಣದ ಬ್ಯಾಗು. ಬೆಟ್ಟ ಹತ್ತುವವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿದ್ದಾರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು, ತಲೆಗೊಂದು ಟವೆಲು. ಬ್ಯಾಗಿನೊಳಗೆ ಬಟ್ಟೆಯೂ ಇಲ್ಲ, ಊಟದ ಡಬ್ಬಿಯೂ ಇಲ್ಲ, ಇರುವುದು ಬರೀ ಮರಳಿನ ಪೊಟ್ಟಣಗಳು. ರಾತ್ರಿ ಪಾಳಿ ಮುಗಿಸಿ ರೂಮಿಗೆ ಮರಳುತ್ತಿರುವ ಕಾರ್ಖಾನೆಯವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಹೊಸದಾಗಿ ಬಂದ ಒಬ್ಬಾತ ಮಾತ್ರ ಯಾವೂರಿಗೆ ಹೊರಟಿರಿ ಅಕ್ಕಾ ಎಂದು ಕೇಳುತ್ತಾನೆ.

"ಎಲ್ಲೂ ಇಲ್ಲ ಕಣಪ್ಪ, ಇಲ್ಲೇ," ಎನ್ನುತ್ತಾರೆ ಕೃಷ್ಣಮ್ಮ, ಕಾಲು ನಿಲ್ಲಿಸದೆ.

ಅವರ ಹಿಂದೆ ಬರಿಗೈಯಲ್ಲಿ ಏದುಸಿರು ಬಿಡುತ್ತ ಬರುತ್ತಿರುವವಳು ನಾನು. ಏರಿ ಮುಗಿದರೆ ನೀಲಗಿರಿ ತೋಪು, ತೋಪು ದಾಟಿದರೆ ರೈಲು ಹಳಿ, ಹಳಿಯಾಚೆ ಅರ್ಧ ಒಡೆದು ಬಿಟ್ಟ ಕಲ್ಲುಗುಡ್ಡ. ಗುಡ್ಡದ ನೆತ್ತಿ ಹತ್ತಿ ಇಳಿದು, ಬೇರೆ ಹಾದಿಯಲ್ಲಿ ಸುತ್ತಿ ಫ್ಯಾಕ್ಟರಿ ಗೇಟು ಮುಟ್ಟಿದರೆ ಒಂದು ಸುತ್ತು. ತಿಂಡಿಯ ಹೊತ್ತಿಗೆ ಎರಡು ಸುತ್ತು, ಸಂಜೆ ಮತ್ತೊಂದು. ಎಲ್ಲ ಸೇರಿ ದಿನಕ್ಕೆ ಹದಿನೆಂಟು ಕಿಲೋಮೀಟರಾದರೂ ಆಗುತ್ತದೆ, ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು. ಹರಕೆ ಮಾಡಿಕೊಂಡಿದ್ದಾರೇನೋ ಎಂದು ಊರಿನ ಕೆಲವರು ಇನ್ನೂ ನಂಬಿದ್ದಾರೆ. ಕೃಷ್ಣಮ್ಮನವರಿಗೆ ಇದು ಸಂಬಳದ ಕೆಲಸ.

ಯೂನಿಟ್ಟಿನಲ್ಲಿ ಇದನ್ನು ನಡಿಗೆ ಡ್ಯೂಟಿ ಎನ್ನುತ್ತಾರೆ. ಯೂನಿಟ್ಟು ಅಂದರೆ ಶೀಟು ಹೊದಿಸಿದ ಒಂದು ಶೆಡ್ಡು, ಒಳಗೆ ಇಪ್ಪತ್ತು ಚಿಲ್ಲರೆ ಹೊಲಿಗೆ ಮಿಷನ್ನು. ಮಾಲೀಕ ಶಿವಶಂಕರ್ ವಯಸ್ಸಿನಲ್ಲಿ ಬೆಟ್ಟ ಸುತ್ತಿದವರು, ಮಂಡಿ ಕೈಕೊಟ್ಟ ಮೇಲೆ ಬೆಟ್ಟ ಸುತ್ತುವವರಿಗೆ ಬ್ಯಾಗು ಹೊಲಿಸುತ್ತ ಕೂತವರು. ಇಲ್ಲಿ ತಯಾರಾದ ಬ್ಯಾಗುಗಳು ದೂರದ ಒಂದು ದ್ವೀಪಕ್ಕೆ ಹೋಗುತ್ತವೆ. ದ್ವೀಪದ ಉತ್ತರದ ತುದಿಯಿಂದ ದಕ್ಷಿಣದ ದೀಪಸ್ತಂಭದವರೆಗೆ ಕಾಡು, ತೆಂಗಿನ ತೋಟ, ಮರಳ ದಂಡೆ ದಾಟುತ್ತ ವಾರವಿಡೀ ನಡೆಯುವ ಹಾದಿಯೊಂದು ಅಲ್ಲಿದೆ. ಅಲ್ಲಿನ ಹಳ್ಳಿಗಳವರೇ ಸೇರಿಕೊಂಡು ನಡೆಸುವ ನಡಿಗೆ ಅದು. ತಂಡಕ್ಕೆ ಹತ್ತೇ ಜನ. ಹೋಟೆಲ್ಲು, ಜೀಪು ಯಾವುದೂ ಇಲ್ಲ. ಮೀನುಗಾರರ ಮನೆಯಲ್ಲಿ ಮಲಗಬೇಕು, ಅವರು ಬೇಯಿಸಿದ್ದನ್ನು ಉಣ್ಣಬೇಕು, ತಟ್ಟೆ ತಾವೇ ತೊಳೆಯಬೇಕು, ತಂದ ಕಸವನ್ನು ಬೆನ್ನ ಮೇಲೆ ಹೊತ್ತು ವಾಪಸು ಒಯ್ಯಬೇಕು. ಆಮೆಗಳು ದಂಡೆಗೆ ಬಂದು ಮೊಟ್ಟೆ ಇಡುವ ತಿಂಗಳುಗಳಲ್ಲಿ ಹಾದಿಗೆ ಬೀಗ. ದ್ವೀಪದ ಹೆಸರು ಬರೆದರೆ ಬೆಂಗಳೂರಿನ ಅರ್ಧ ಜನ ಅಲ್ಲಿಗೆ ನುಗ್ಗುತ್ತಾರೆ, ದಯವಿಟ್ಟು ಬೇಡ ಎಂದು ಶಿವಶಂಕರ್ ಕೈಮುಗಿದರು. ಹಾಗಾಗಿ ಹೆಸರು ಬರೆಯುತ್ತಿಲ್ಲ. ಯೂನಿಟ್ಟಿನವರ ಬಾಯಲ್ಲಿ ಅದು ಬರೀ 'ಐಲ್ಯಾಂಡು'.

ನಡೆಯುವವರಿಗೆ ಅಲ್ಲಿ ಬಾಡಿಗೆಗೆ ಸಿಗುವುದು ಇದೇ ಬ್ಯಾಗು. ಕಾಡಿನ ನಡುವೆ ಪಟ್ಟಿ ಕಿತ್ತುಬಂದರೆ ಹತ್ತಿರದಲ್ಲಿ ಅಂಗಡಿಯಿಲ್ಲ. ಅದಕ್ಕೇ ಪ್ರತಿ ಹೊಸ ಮಾದರಿಯನ್ನೂ ಕೃಷ್ಣಮ್ಮ ಇಲ್ಲಿ ಮೊದಲು ನಡೆದು ನೋಡಬೇಕು. ಬಿಸಿಲಲ್ಲಿ ನಡೆಯಬೇಕು, ಮಳೆಯಲ್ಲಿ ನಡೆಯಬೇಕು, ಮಳೆ ಬಾರದಿದ್ದರೆ ಟ್ಯಾಂಕರಿನ ಪೈಪಿನಡಿ ನಿಂತು ನೆನೆದುಕೊಂಡು ನಡೆಯಬೇಕು. ವಾರ ಕಳೆದ ಮೇಲೆ ಬ್ಯಾಗು ಬಿಚ್ಚಿ ಎಲ್ಲಿ ಸವೆದಿದೆ, ಎಲ್ಲಿ ನೀರು ಒಳಗಿಳಿದಿದೆ ಎಂದು ನೋಡುತ್ತಾರೆ. ಹೀಗೆ ನಾಲ್ಕು ವರ್ಷಗಳಿಂದ ಅವರು ಅತ್ತಿಬೆಲೆಯ ಲಾರಿ ಹೊಗೆಯಲ್ಲಿ ಆ ದ್ವೀಪವನ್ನು ಎಷ್ಟು ಸಲ ನಡೆದಿದ್ದಾರೋ ಅವರಿಗೇ ಗೊತ್ತಿಲ್ಲ. ಸಮುದ್ರವನ್ನು ಮಾತ್ರ ಇದುವರೆಗೂ ಕಣ್ಣಾರೆ ಕಂಡಿಲ್ಲ.

ಇಲ್ಲಿ ನನ್ನ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪುರವಣಿಯಲ್ಲಿ ಪ್ರವಾಸ ಪುಟ ನೋಡಿಕೊಳ್ಳುವವರೊಬ್ಬರಿದ್ದಾರೆ. ವರ್ಷಕ್ಕೆರಡು ಸಲ ಯಾವುದಾದರೂ ಕಡಲ ದಂಡೆಯಲ್ಲಿ ಎಳನೀರು ಹಿಡಿದುಕೊಂಡು ಫೋಟೋ ಕಳಿಸುತ್ತಾರೆ. ನನ್ನ ಪಾಲಿಗೆ ಬರುವುದು ಪೀಣ್ಯದ ಲೇತು, ಬೊಮ್ಮಸಂದ್ರದ ಬಾಯ್ಲರು. ಈ ದ್ವೀಪದ ಸುದ್ದಿಯನ್ನು ಕಚೇರಿಗೆ ತಂದವಳು ನಾನು. ಅಲ್ಲಿಗೆ ನಡೆಯಲು ಹೋಗುವವರು ಅವರು ಎಂದು ತೀರ್ಮಾನವಾಗಿದೆ. ನನಗೆ ಹೊಟ್ಟೆ ಉರಿಯುತ್ತಿದೆ. ಅತ್ತಿಬೆಲೆಗೆ ಬಂದದ್ದೂ ಆ ಉರಿ ಹೊತ್ತುಕೊಂಡೇ, ಹಾಗಾಗಿ ಕೃಷ್ಣಮ್ಮನವರ ಕಥೆ ನನಗೆ ಬೇಗ ಅರ್ಥವಾಯಿತು.

ಕೃಷ್ಣಮ್ಮ ಇದೇ ಊರಿನ ಸೊಸೆ. ಅತ್ತಿಬೆಲೆಯಿಂದ ಆನೇಕಲ್ ಕಡೆಗೆ ಹೊರಳುವ ರಸ್ತೆಯ ಬಳಿ ಅವರ ಮನೆ. ಮನೆಯ ಹಿಂದೆ, ಮೇಲೆ, ಪಕ್ಕದಲ್ಲಿ ಒಂದರ ಮೇಲೊಂದು ಕಟ್ಟಿದ ಬಾಡಿಗೆ ರೂಮುಗಳು. ಒಡಿಶಾದವರು, ಕಲಬುರಗಿಯವರು, ಧರ್ಮಪುರಿಯವರು ಎಲ್ಲರೂ ಇದ್ದಾರೆ. ರೂಮುಗಳ ಉಸ್ತುವಾರಿ ಅತ್ತೆ ನಾಗಲಕ್ಷ್ಮಮ್ಮನವರದು. ಗಂಡ ಮುನಿರಾಜು ಕಂಪನಿಯೊಂದರ ವ್ಯಾನು ಓಡಿಸುತ್ತಾರೆ. ಊಟಕ್ಕೆ ತೊಂದರೆಯಿಲ್ಲ. ಮನೆಯಲ್ಲಿ ಕೂತಿದ್ದರೆ ಬಾಡಿಗೆಯವರ ನೀರಿನ ಜಗಳ ತೀರಿಸುವುದೇ ಆಗುತ್ತದೆಂದು ಕೃಷ್ಣಮ್ಮ ಶಿವಶಂಕರ್ ಶೆಡ್ಡಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದರು.

ಆಗ ನಡಿಗೆ ಡ್ಯೂಟಿಗೆಂದು ಜಿಮ್ಮಿಗೆ ಹೋಗುವ ಗಟ್ಟಿಮುಟ್ಟಾದ ಒಬ್ಬಾತ ಇದ್ದನಂತೆ. ಗೇಟು ದಾಟಿದವನೇ ಟೀ ಅಂಗಡಿಯಲ್ಲಿ ಬ್ಯಾಗು ಇಳಿಸಿ, ಮಧ್ಯಾಹ್ನಕ್ಕೆ ಮುಖಕ್ಕೆ ನೀರು ಚಿಮುಕಿಸಿಕೊಂಡು ಬಂದು ಬೆವರು ಎನ್ನುತ್ತಿದ್ದನಂತೆ. ಅವನು ಬಿಟ್ಟುಹೋದ ದಿನ, ಬ್ಯಾಗುಗಳನ್ನು ಮರಳು ಸಮೇತ ಅಟ್ಟಕ್ಕೆ ಏರಿಸುತ್ತಿದ್ದ ಕೃಷ್ಣಮ್ಮನವರನ್ನು ಶಿವಶಂಕರ್ ನೋಡಿದರು. ನಡೆಯುತ್ತೀರಾ ಎಂದು ಕೇಳಿದರು. ನಡೆಯುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ತಾವು ಜೀವಮಾನವಿಡೀ ನಡೆದದ್ದಕ್ಕೆ ಬಾಕಿ ವಸೂಲಿ ಮಾಡಿಕೊಡು ಎಂದು ನಾಗಲಕ್ಷ್ಮಮ್ಮ ಸೊಸೆಯನ್ನು ಇವತ್ತಿಗೂ ಕಿಚಾಯಿಸುತ್ತಾರೆ.

ವರ್ಷಕ್ಕೊಮ್ಮೆ ಯೂನಿಟ್ಟಿನ ಒಬ್ಬರಿಗೆ ತಂಡದ ಜೊತೆ ದ್ವೀಪ ನಡೆಯುವ ಅವಕಾಶ. ಬ್ಯಾಗು ಅಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿಬರಲು. ಹತ್ತು ಜನರಲ್ಲಿ ಒಂದು ಜಾಗ. ಕಳೆದ ವರ್ಷ ಆ ಜಾಗ ಕೃಷ್ಣಮ್ಮನವರದೇ ಎಂದು ನಿಗದಿಯಾಗಿತ್ತು. ಟಿಕೆಟ್ಟಿಗೆ ಹೆಸರು ಕೊಟ್ಟಾಗಿತ್ತು. ಮುನಿರಾಜು ಆನೇಕಲ್ ಸಂತೆಬೀದಿಯಿಂದ ಹೊಸ ಬೂಟು ತಂದಿದ್ದರು. ಬಾಡಿಗೆಯವರಿಗೆಲ್ಲ ಹೇಳಿಯೂ ಆಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಪ್ಪು ಅವರದೇ, ಅದನ್ನು ಅವರು ಅಡಗಿಸುವುದಿಲ್ಲ. ಆ ಮಳೆಗಾಲದಲ್ಲಿ ಹೊಸ ಮಾದರಿಯ ಬ್ಯಾಗು ಬಂದಿತ್ತು, ಹೆಗಲ ಪಟ್ಟಿ ಗಡುಸಾಗಿತ್ತು. ಎರಡನೆಯ ದಿನಕ್ಕೇ ಕೃಷ್ಣಮ್ಮನವರ ಹೆಗಲಿನ ಚರ್ಮ ಸುಲಿಯಿತು. ಚಿಕ್ಕಂದಿನಿಂದ ನೀರಿನ ಬಿಂದಿಗೆ, ಹುಲ್ಲಿನ ಹೊರೆ, ಹೊಲಕ್ಕೆ ಬುತ್ತಿ, ಎಲ್ಲವನ್ನೂ ತಲೆಯ ಮೇಲೆ ಹೊತ್ತವರು ಅವರು. ಗುಡ್ಡದ ಆಚೆ ಮಗ್ಗುಲಿನಲ್ಲಿ ನೋಡುವವರು ಯಾರಿದ್ದಾರೆ? ಟವೆಲನ್ನು ಸುತ್ತಿ ಸಿಂಬೆ ಮಾಡಿದರು, ಬ್ಯಾಗನ್ನು ತಲೆಯ ಮೇಲಿಟ್ಟರು, ನಡೆದರು. ಹಾಯೆನಿಸಿತು. ವಾರವಿಡೀ ಹಾಗೆಯೇ ನಡೆದರು. ಬಟ್ಟೆ ತಡೆಯುತ್ತದೆಯೇ, ನೀರು ನುಗ್ಗುತ್ತದೆಯೇ ಎಂದು ನೋಡಲು ತಾನೇ ಈ ನಡಿಗೆ ಎಂದು ಅವರು ಅಂದುಕೊಂಡಿದ್ದರು.

"ಒಜ್ಜೆ ಎಲ್ಲಿದ್ರೂ ಒಜ್ಜೆನೇ ಅಲ್ವಾ ಮೇಡಂ? ಎಗಲ ಮೇಲಿದ್ರೆ ಒಂದು, ತಲೆ ಮೇಲಿದ್ರೆ ಇನ್ನೊಂದು ಅಂತ ನಂಗೆ ಒಳೀಲಿಲ್ಲ," ಎನ್ನುತ್ತಾರೆ.

ಬಟ್ಟೆಗೆ ಏನೂ ಆಗಿರಲಿಲ್ಲ. ಬ್ಯಾಗು ಪಾಸಾಯಿತು, ಅದೇ ಅಳತೆಯಲ್ಲಿ ಹೊಲಿದು ದ್ವೀಪಕ್ಕೆ ಕಳಿಸಿದರು. ಮೊದಲ ತಂಡ ನಡೆಯುತ್ತಿದ್ದ ಮೂರನೆಯ ದಿನ ಒಂದೊಂದಾಗಿ ಹೆಗಲ ಪಟ್ಟಿಗಳು ಬುಡಸಮೇತ ಕಿತ್ತುಬಂದವು. ದುಡ್ಡು ಕೊಟ್ಟು ಹೋದವರು ಬ್ಯಾಗನ್ನು ಕಂಕುಳಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಕಾಡು ದಾಟಿದರು. ಶಿವಶಂಕರ್ ಕೃಷ್ಣಮ್ಮನವರನ್ನು ಕರೆದು ಹೇಗೆ ಹೊತ್ತಿರಿ ತೋರಿಸಿ ಎಂದರು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಶಿವಶಂಕರ್ ತಲೆಯ ಮೇಲೆ ಕೈಹೊತ್ತು ಕೂತರು. ಬೈಯಲಿಲ್ಲವಂತೆ, ಅದೇ ಹೆಚ್ಚು ನೋವಾಯಿತಂತೆ. ಎರಡನೆಯ ತಂಡದ ಜೊತೆ ಹೋಗಬೇಕಿದ್ದವರು ಕೃಷ್ಣಮ್ಮ. ಆದರೆ ಈಗ ಅಲ್ಲಿ ಬೇಕಾದದ್ದು ದಬ್ಬಣ ಹಿಡಿದು ಪಟ್ಟಿ ಹೊಲಿಯಬಲ್ಲ ಕೈ. ಕೃಷ್ಣಮ್ಮನವರಿಗೆ ಹರಿದ ದಿಂಬು ಹೊಲಿಯಲೂ ಬಾರದು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾಗಬಹುದಿತ್ತು, ಹೋದವರು ಬೇರೆ ಯಾರಾದರೂ ಆಗಿದ್ದರೆ.

ಹೋದವರು ರಾಣಿ. ಕೃಷ್ಣಮ್ಮನವರ ವಾರಗಿತ್ತಿ, ಮೈದುನನ ಹೆಂಡತಿ, ಹತ್ತು ವರ್ಷ ಕಿರಿಯಳು, ಕಾಡುಗೋಡಿಯ ಹುಡುಗಿ. ಹೊಲಿಗೆ ಕಲಿತವಳೆಂದು ಅವಳನ್ನು ಇದೇ ಯೂನಿಟ್ಟಿಗೆ ಕೈಹಿಡಿದು ಕರೆತಂದು ಸೇರಿಸಿದವರು ಸ್ವತಃ ಕೃಷ್ಣಮ್ಮ. ಆ ಬೂಟು ರಾಣಿಯ ಕಾಲಿಗೆ ದೊಡ್ಡದಾಗಿತ್ತು, ಅದೊಂದೇ ಸಮಾಧಾನ ಎಂದು ಅವರು ನಗದೆ ಹೇಳುತ್ತಾರೆ.

ರಾಣಿ ಹೋಗಿಬಂದದ್ದೇ ಬಂದದ್ದು, ಮನೆಯಲ್ಲಿ ಬೇರೆ ಮಾತಿಲ್ಲದಂತಾಯಿತು. ಮೊಬೈಲಿನಲ್ಲಿ ನೂರಾರು ಫೋಟೋ. ಬಾಡಿಗೆಯವರು, ಹಾಲಿನವರು, ನೆಂಟರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಎಲ್ಲರಿಗೂ ವರ್ಣನೆ. ದಂಡೆಯ ಒಂದು ಚಿಪ್ಪನ್ನೂ ತರುವಂತಿಲ್ಲವಂತೆ. ಇರುಳು ದಂಡೆಯ ಕಡೆ ದೀಪ ಹಚ್ಚಿದರೆ ಆಮೆ ಮರಿಗಳು ದಾರಿ ತಪ್ಪುತ್ತವಂತೆ. ಬಂದವರನ್ನು ಒಂದೇ ಮನೆಗೆ ಕಳಿಸಿದರೆ ಪಕ್ಕದ ಮನೆಯವರಿಗೆ ಹೊಟ್ಟೆ ಉರಿಯುತ್ತದೆಂದು ಹಳ್ಳಿಯವರು ಸರದಿ ಪ್ರಕಾರ ಮನೆ ಹಂಚುತ್ತಾರಂತೆ. ಊರವರು ಅವಳನ್ನು ಐಲ್ಯಾಂಡ್ ರಾಣಿ ಎಂದು ಕರೆಯತೊಡಗಿದರು. ಕೃಷ್ಣಮ್ಮ ಒಂದೇ ಒಂದು ಫೋಟೋವನ್ನೂ ನೋಡಲಿಲ್ಲ. ರಾಣಿ ಮೊಬೈಲು ತೆಗೆದಳೆಂದರೆ ಇವರಿಗೆ ಒಲೆಯ ಮೇಲೆ ಏನಾದರೂ ಉಕ್ಕುವ ನೆನಪಾಗುತ್ತಿತ್ತು.

"ಒಟ್ಟೆ ಉರಿ ಅಲ್ಲ ಅಂತ ನಾನು ಸುಳ್ಳು ಏಳಲ್ಲ. ಉರಿನೇ. ಅವ್ಳು ಅಲ್ಲಿ ಗಾಳಿ ಅಂಗಿತ್ತು, ನೀರು ಇಂಗಿತ್ತು ಅನ್ನೋವಾಗ ನನ್ನ ಕಾಲು ಕೂತಲ್ಲೇ ಉರೀತಿತ್ತು. ನಡಿಯೋ ಕಾಲು ನಂದು, ನೋಡ್ಕಂಬಂದಿದ್ದು ಅವ್ಳ ಕಣ್ಣು."

ಒಂದೇ ಒಲೆಯ ಮನೆಯಲ್ಲಿ ಇದು ಸುಲಭವಲ್ಲ. ಮುದ್ದೆ ಕಟ್ಟುವವರು ಒಬ್ಬರು, ಸಾರು ಬಡಿಸುವವರು ಇನ್ನೊಬ್ಬರು. ಮೂರು ತಿಂಗಳು ಇಬ್ಬರ ನಡುವಿನ ಮಾತೆಲ್ಲ ಅತ್ತೆಯ ಮೂಲಕ ಸಾಗಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ನಾಗಲಕ್ಷ್ಮಮ್ಮ ಇಬ್ಬರನ್ನೂ ಸೇರಿಸಿ ಅಂದರು. ಅದನ್ನು ಇಬ್ಬರೂ ಇನ್ನೊಬ್ಬರಿಗೆ ಹೇಳಿದ್ದೆಂದು ತಿಳಿದುಕೊಂಡರು.

ಈ ವರ್ಷ ಮತ್ತೆ ಒಂದು ಜಾಗ ಬಂದಿದೆ. ಶಿವಶಂಕರ್ ಈಗ ಹುಷಾರಾಗಿದ್ದಾರೆ. ಯಾರು ಹೋಗುತ್ತಾರೋ ಅವರಿಗೆ ಪಟ್ಟಿ ಹೊಲಿಯಲೂ ಬರಬೇಕು, ತಮ್ಮ ಹೊರೆ ತಾವೇ ಹೊತ್ತು ನಡೆಯಲೂ ಬರಬೇಕು. ಬ್ಯಾಗಿನ ಪಟ್ಟಿಯನ್ನು ಕೈಯಿಂದ ಹೊಲಿದು, ಅದೇ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ವಾರ ನಡೆದು ತೋರಿಸಲಿ ಎಂದರು. ಮಿಷನ್ನಿನವರಲ್ಲಿ ಬಹಳ ಜನ ನಡಿಗೆ ಎಂದೊಡನೆ ಹಿಂದೆ ಸರಿದರು. ಹೆಸರು ಕೊಟ್ಟವರು ಇಬ್ಬರೇ, ಕೃಷ್ಣಮ್ಮ ಮತ್ತು ರಾಣಿ.

ಕೃಷ್ಣಮ್ಮನವರಿಗೆ ಹೊಲಿಗೆ ಕಲಿಸುವವರು ಯಾರು? ದಬ್ಬಣದ ಹೊಲಿಗೆ ಚೆನ್ನಾಗಿ ಬಲ್ಲವಳು ರಾಣಿ ಒಬ್ಬಳೇ. ರಾಣಿಗೆ ಹದಿನೈದು ಕಿಲೋ ಹೊತ್ತು ಗುಡ್ಡ ಹತ್ತುವುದನ್ನು ಕಲಿಸಬೇಕಾದವರು ಕೃಷ್ಣಮ್ಮ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಗುರುಗಳಾದರು. ನಾನು ಅತ್ತಿಬೆಲೆಗೆ ಬರತೊಡಗಿದ್ದು ಆ ವಾರವೇ. ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದೆ ಇಬ್ಬರೂ ಕೂರುತ್ತಾರೆ. ಮೇಣ ಹಚ್ಚಿದ ದಾರವನ್ನು ಹೇಗೆ ಎಳೆಯಬೇಕೆಂದು ರಾಣಿ ತೋರಿಸುತ್ತಾಳೆ. ಗಂಟನ್ನು ಬೇಕೆಂದೇ ಸಡಿಲ ಹೇಳಿಕೊಡುತ್ತಿದ್ದಾಳೋ ಏನೋ ಎಂದು ಕೃಷ್ಣಮ್ಮ ಪ್ರತಿ ಹೊಲಿಗೆಯನ್ನೂ ಹಲ್ಲಿನಿಂದ ಎಳೆದು ನೋಡುತ್ತಾರೆ. ಬೆಳಗಿನ ನಡಿಗೆಯಲ್ಲಿ ಸೇಡು ತೀರುತ್ತದೆ. ಏರಿಯ ಮೇಲೆ ಅವರು ಕಾಲು ಬೀಸುವ ಬಿರುಸು ನೋಡಿದರೆ ಕಲಿಸುವ ಇರಾದೆ ಕಾಣುವುದಿಲ್ಲ. ಬೇಕೆಂದೇ ಬೇಗ ನಡೆಯುತ್ತಿದ್ದೀರಾ ಎಂದು ಕೇಳಿದರೆ, ತಮ್ಮ ನಡಿಗೆಯೇ ಹೀಗೆ ಎಂದು ಹೇಳಿ ಬೇರೆ ಕಡೆ ನೋಡುತ್ತಾರೆ.

ರಾಣಿಯೂ ಕಡಿಮೆಯವಳಲ್ಲ. ಪಟ್ಟು ಹಿಡಿದು ನಡೆಯುತ್ತಾಳೆ. ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು, ತುಟಿ ಕಚ್ಚಿಕೊಂಡು ಹಿಂದೆ ಬರುತ್ತಾಳೆ. ನಾನು ಕೃಷ್ಣಮ್ಮನವರ ಪಕ್ಷ ವಹಿಸಿಬಿಟ್ಟಿದ್ದೆ. ಒಮ್ಮೆ ನೋಡಿ ಬಂದವರಿಗೆ ಮತ್ತೆ ಯಾಕೆ ಎಂಬುದು ನನ್ನ ಸಂಕಟ. ಪ್ರವಾಸ ಪುಟದವರ ಮುಖವೇ ರಾಣಿಯ ಮುಖದಲ್ಲಿ ಕಾಣುತ್ತಿತ್ತು, ಆ ಹುಡುಗಿಯ ತಪ್ಪೇನೂ ಇಲ್ಲದಿದ್ದರೂ.

ಪರೀಕ್ಷೆಯ ವಾರದ ಕೊನೆಯ ದಿನದ ನಡಿಗೆ. ಗುಡ್ಡ ಇಳಿದು ರೈಲು ಹಳಿಯ ಹತ್ತಿರ ಬರುವಾಗ ರಾಣಿ ಮೋರಿ ಕಟ್ಟೆಯ ಮೇಲೆ ಕುಸಿದು ಕೂರುತ್ತಾಳೆ. ಹೆಗಲು ಕೆಂಪಗೆ ಸುಲಿದಿದೆ. ಫ್ಯಾಕ್ಟರಿ ಗೇಟು ಇನ್ನೂ ದೂರ, ಸುತ್ತಮುತ್ತ ನೀಲಗಿರಿ ಮರ ಬಿಟ್ಟರೆ ಯಾರೂ ಇಲ್ಲ. ಹಿಂದೆ ಬರುತ್ತಿರುವ ನಾನೊಬ್ಬಳು ಇದ್ದೇನೆಂಬುದು ಇಬ್ಬರಿಗೂ ಮರೆತಿದೆ. ರಾಣಿ ಬ್ಯಾಗು ಇಳಿಸಿ, ದುಪಟ್ಟಾವನ್ನು ಸುತ್ತತೊಡಗುತ್ತಾಳೆ. ಸುತ್ತಿ ತಲೆಯ ಮೇಲಿಟ್ಟುಕೊಳ್ಳುತ್ತಾಳೆ.

"ಅಕ್ಕಾ, ಸ್ವಲ್ಪ ಎತ್ತಿ ಕೊಡಕ್ಕ. ಗೇಟ್ ಹತ್ರ ಹೋಗೋವಾಗ ಬೆನ್ನಿಗೆ ಹಾಕ್ಕೋತೀನಿ."

ಕೃಷ್ಣಮ್ಮ ನಿಂತುಬಿಡುತ್ತಾರೆ. ಅವರೇನೂ ಮಾಡಬೇಕಿಲ್ಲ. ಬ್ಯಾಗಿಗೆ ಒಂದು ಕೈ ಕೊಟ್ಟರೆ ಸಾಕು, ಆಮೇಲೆ ಶಿವಶಂಕರ್ ಕಿವಿಗೆ ಒಂದು ಮಾತು ಹಾಕಿದರೆ ಸಾಕು. ಕಳೆದ ವರ್ಷ ತಾವು ಜಾಗ ಕಳೆದುಕೊಂಡ ತಪ್ಪಿನಿಂದಲೇ ರಾಣಿಯೂ ಕಳೆದುಕೊಳ್ಳುತ್ತಾಳೆ. ಎತ್ತಿಕೊಡಿ ಕೃಷ್ಣಮ್ಮ, ಎತ್ತಿಕೊಡಿ ಎಂದು ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೇನೆ. ಅವರ ಕೈ ಬ್ಯಾಗಿನ ಮೇಲೆ ಇದೆ. ಗೂಡ್ಸ್ ರೈಲೊಂದು ಹೊಸೂರಿನ ಕಡೆಗೆ ಹೋಗುತ್ತದೆ, ಅದು ಪೂರ್ತಿ ಹೋಗುವ ತನಕ ಇಬ್ಬರೂ ಹಾಗೆಯೇ ಇರುತ್ತಾರೆ.

ಕೊನೆಗೆ ಕೃಷ್ಣಮ್ಮ ರಾಣಿಯ ತಲೆಯಿಂದ ದುಪಟ್ಟಾ ಕಿತ್ತು ಅವಳ ಕೈಗೆ ಕೊಡುತ್ತಾರೆ. ಬ್ಯಾಗನ್ನು ಎತ್ತಿ ಅವಳ ಬೆನ್ನಿಗೆ ಏರಿಸುತ್ತಾರೆ. ಸೊಂಟದ ಪಟ್ಟಿಯನ್ನು ಅವಳು ಅಯ್ಯೋ ಅನ್ನುವಷ್ಟು ಬಿಗಿದು, ಹೆಗಲ ಪಟ್ಟಿಯನ್ನು ಸಡಿಲ ಮಾಡುತ್ತಾರೆ. ಭಾರ ಸೊಂಟಕ್ಕೆ ಇಳಿಯುತ್ತದೆ. ಏಳು ಎನ್ನುತ್ತಾರೆ. ಗೇಟಿನವರೆಗೂ ಅವಳ ಹಿಂದೆಯೇ ನಡೆಯುತ್ತಾರೆ, ಈ ಸಲ ನಿಧಾನವಾಗಿ.

ನನಗೆ ತಡೆಯಲಾಗಲಿಲ್ಲ. ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು ಟೀ ಅಂಗಡಿಯಲ್ಲಿ ಅವರಿಗೆ ಹೇಳಿದೆ. ಕೃಷ್ಣಮ್ಮ ಲೋಟ ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

"ದೊಡ್ಡ ಮನ್ಸೂ ಇಲ್ಲ ಎಂಥದ್ದೂ ಇಲ್ಲ. ನನ್ನ ತಪ್ಪಿಂದ ಅವ್ಳು ಐಲ್ಯಾಂಡಿಗೆ ಓದ್ಲು. ಈಗ ಅವ್ಳ ತಪ್ಪಿಂದ ನಾನು ಓದ್ರೆ ಇಬ್ರೂ ಸಮ ಆಗ್ಬಿಡ್ತೀವಿ. ನಂಗೆ ಸಮ ಆಗೋದು ಬ್ಯಾಡ ಮೇಡಂ. ಒಂದು ಕೈ ಮೇಲಾಗ್ಬೇಕು."

ಮರುದಿನ ಶಿವಶಂಕರ್ ಎರಡೂ ಬ್ಯಾಗುಗಳನ್ನು ಕೊಕ್ಕೆಗೆ ನೇತುಹಾಕಿ ನೋಡಿದರು. ಇಬ್ಬರ ಪಟ್ಟಿಯೂ ಗಟ್ಟಿಯಾಗಿತ್ತು. ಇಬ್ಬರೂ ಪೂರ್ತಿ ನಡೆದಿದ್ದರು. ಯಾರನ್ನು ಆರಿಸುವುದೆಂದು ತಿಳಿಯದೆ ಅವರು ಮಧ್ಯಾಹ್ನದವರೆಗೆ ಒದ್ದಾಡಿ, ಕೊನೆಗೆ ದ್ವೀಪದ 'ಪದ್ಧತಿ'ಗೇ ಶರಣಾದರು. ಅಲ್ಲಿನ ಹಳ್ಳಿಯವರು ಮನೆ ಹಂಚುವ ಹಾಗೆ ಇಲ್ಲಿಯೂ ಸರದಿ. ರಾಣಿ ಒಂದು ಸಲ ಹೋಗಿಬಂದಾಯಿತು, ಈ ಸಲ ಕೃಷ್ಣಮ್ಮ ಎಂದು ಎಲ್ಲರೆದುರು ಹೇಳಿದರು. ಮಿಷನ್ನಿನವರು ಚಪ್ಪಾಳೆ ತಟ್ಟಿದರು.

ಕುಣಿಯಬೇಕಿದ್ದ ಕೃಷ್ಣಮ್ಮನವರ ಮುಖ ಹುಳ್ಳಗಾಗಿತ್ತು. ಗೆದ್ದರೆಂದು ಯಾರೂ ಹೇಳಲಿಲ್ಲವಲ್ಲ. ಸರದಿ ಎಂದರೆ ನಲ್ಲಿಯ ಮುಂದೆ ಕೊಡ ಇಟ್ಟ ಹಾಗೆ, ಯಾರಾದರೂ ಇಡಬಹುದು. ಅದಕ್ಕೆ ಸರಿಯಾಗಿ ಸಂಜೆಯೊಳಗೆ ರಾಣಿ ಬಾಡಿಗೆಯವರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಪಾಪ, ಅಕ್ಕನೂ ಒಂದು ಸಲ ನೋಡಿಬರಲಿ ಎಂದು ತಾನೇ ಬಿಟ್ಟುಕೊಟ್ಟೆ ಎಂದು. ಅದನ್ನು ಕೇಳಿದ ಕೃಷ್ಣಮ್ಮ ಹೋಗುವುದೇ ಇಲ್ಲವೆಂದು ಹಟ ಹಿಡಿದರು. ಮುನಿರಾಜು ಬುದ್ಧಿ ಹೇಳಿ ಸೋತರು. ಬೇಡವಾದರೆ ನಾನೇ ಹೋಗುತ್ತೇನೆ, ನನಗೂ ಸಮುದ್ರ ನೋಡಿ ಗೊತ್ತಿಲ್ಲ ಎಂದು ನಾಗಲಕ್ಷ್ಮಮ್ಮ ಟ್ರಂಕು ಇಳಿಸಿದ ಮೇಲೆಯೇ ಸೊಸೆಯ ಹಟ ಮೆತ್ತಗಾದದ್ದು.

ಕಳೆದ ಭಾನುವಾರ ನಾನು ಕೊನೆಯ ಬಾರಿ ಅವರ ಮನೆಗೆ ಹೋದಾಗ ಬ್ಯಾಗು ತುಂಬುವ ಕೆಲಸ ನಡೆದಿತ್ತು. ಈ ಸಲ ಮರಳಿನ ಬದಲು ಬಟ್ಟೆ, ಚಕ್ಕುಲಿ, ದಬ್ಬಣ, ದಾರ. ರಾಣಿ ಪಕ್ಕದಲ್ಲಿ ಕೂತು ಕೊಡುತ್ತಿದ್ದಾಳೆ. ಕೊಡುತ್ತ ಕೊಡುತ್ತ ತಲೆ ತಗ್ಗಿಸಿ ಒಂದು ಮಾತು ಹೇಳುತ್ತಾಳೆ. ನಾಲ್ಕನೆಯ ದಿನ ಹಿನ್ನೀರಿನ ಕೆಸರಿನ ಹಾದಿ ಬರುತ್ತದೆ. ಅಲ್ಲಿ ರೇಷನ್ ಸಾಗಿಸುವ ದೋಣಿಯವನೊಬ್ಬ ಇರುತ್ತಾನೆ. ಕಾಲು ಸೋತವರನ್ನು ಹತ್ತಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ಬಿಡುತ್ತ ಹೋಗುತ್ತಾನೆ, ಯಾರೂ ಏನೂ ಅನ್ನುವುದಿಲ್ಲ.

"ನಾನು ಅಲ್ಲಿಂದ ದೀಪಸ್ತಂಭದವರೆಗೂ ದೋಣೀಲೇ ಹೋಗಿದ್ದು ಅಕ್ಕ. ಯಾರ್ಗೂ ಹೇಳಿಲ್ಲ. ನಿನ್ ಕಾಲು ನೋವು ಬಂದ್ರೆ ಹತ್ತಿಬಿಡು, ನಾಚ್ಕೋಬೇಡ. ಅಲ್ಲಿ ಎಲ್ರೂ ಕೇಳ್ತಿದ್ರು, ಈ ಬ್ಯಾಗು ಮೊದ್ಲು ಹೊತ್ತು ನಡೆದು ನೋಡೋರು ನೀವೇನಾ ಅಂತ. ಅಲ್ಲ, ನಮ್ಮಕ್ಕ ಅಂತ ಹೇಳೋಕೆ ನಂಗೆಷ್ಟು ಹೊಟ್ಟೆ ಉರೀತು ಗೊತ್ತಾ?"

ಕೃಷ್ಣಮ್ಮ ಕೈಲಿದ್ದ ಚಕ್ಕುಲಿ ಡಬ್ಬಿಯನ್ನು ಕೆಳಗಿಟ್ಟರು. ಆ ಕ್ಷಣ ಅವರ ಮುಖ ನೋಡಬೇಕಿತ್ತು. ಒಂದು ವರ್ಷದಿಂದ ಬಿಗಿದುಕೊಂಡಿದ್ದ ದವಡೆ ಸಡಿಲವಾಗಿ, ನಗು ಒಳಗಿಂದ ಉಕ್ಕಿ ಬರುತ್ತಿತ್ತು, ಅದನ್ನು ಅಡಗಿಸಲು ಅವರು ಪಟ್ಟ ಪಾಡು ಹೇಳತೀರದು. ಅಯ್ಯೋ ಪಾಪ, ಕಾಲು ಅಷ್ಟು ನೋಯ್ತಿತ್ತಾ ಎಂದು ರಾಣಿಯ ತಲೆ ಸವರಿದರು. ಆಮೇಲೆ, ಎಲ್ಲಿ, ಆ ಫೋಟೋ ತೋರಿಸು ನೋಡೋಣ ಎಂದರು. ರಾಣಿ ಮೊಬೈಲು ತಂದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ನೂರಾರು ಫೋಟೋಗಳನ್ನು ಒಂದೂ ಬಿಡದೆ ನೋಡಿದರು.

ದೋಣಿಯ ಸಂಗತಿಯನ್ನು ನಾನು ರಾಣಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಬರೆದುಕೊಳ್ಳಿ, ಕಾಲು ನೋವೆಂದು ದೋಣಿ ಹತ್ತಿದ್ದು ಕಳ್ಳತನವಲ್ಲ ಎಂದಳು. ಒಂದು ಷರತ್ತು ಹಾಕಿದಳು, ಅಕ್ಕನ ಹೊಲಿಗೆ ಗಟ್ಟಿ ಇದ್ದರೂ ಸೊಟ್ಟಗಿದೆ ಎಂಬುದನ್ನೂ ಬರೆಯಬೇಕು. ಬರೆದಿದ್ದೇನೆ. ನಾನೇ ನೋಡಿದ್ದೇನೆ, ಸೊಟ್ಟಗಿದೆ.

ಈ ಬರಹ ನಿಮ್ಮ ಕೈಸೇರುವ ಹೊತ್ತಿಗೆ ಕೃಷ್ಣಮ್ಮ ಹೊರಟಿರುತ್ತಾರೆ. ನಮ್ಮ ಪ್ರವಾಸ ಪುಟದವರೂ ಅದೇ ತಂಡದಲ್ಲಿದ್ದಾರೆ, ಅವರು ಅಲ್ಲಿಂದ ಕಳಿಸುವ ಫೋಟೋಗಳನ್ನು ನಾನು ನೋಡುವುದಿಲ್ಲ. ಬೀಳ್ಕೊಡುವಾಗ ಬೀದಿಯ ತಿರುವಿನ ತನಕ ನನ್ನ ಜೊತೆ ಬಂದ ಕೃಷ್ಣಮ್ಮನವರನ್ನು, ಅಲ್ಲಿ ಎಲ್ಲಕ್ಕಿಂತ ಮೊದಲು ಏನನ್ನು ನೋಡಬೇಕೆಂಬ ಆಸೆಯಿದೆ ಎಂದು ಕೇಳಿದೆ. ಸಮುದ್ರ, ಆಮೆ, ದೀಪಸ್ತಂಭ ಯಾವುದಾದರೂ ಹೇಳುತ್ತಾರೆಂದು ನನ್ನ ಲೆಕ್ಕ. ಅವರು ಹಿಂತಿರುಗಿ ನೋಡಿ, ರಾಣಿ ದೂರದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ನೋಡೋದು ಇರ್ಲಿ ಮೇಡಂ. ನಾಕನೇ ದಿನ ಆ ದೋಣಿಯೋನು ಬತ್ತಾನಲ್ಲ, ಬನ್ನಿ ಅಮ್ಮ ಅತ್ತಿ ಅಂತಾನಲ್ಲ, ಆಗ ಬ್ಯಾಡ ಓಗಪ್ಪ, ನಾನು ನಡ್ಕಂಡೇ ಬತ್ತೀನಿ ಅನ್ಬೇಕು. ಅಷ್ಟೇ ನಂಗೆ."